1980ರ ದಶಕದ ಸೆಷನ್ ವಾದಕರ ಮಿನುಗುವ ಕ್ಲೀನ್ ಟೋನ್ ಲ್ಯಾಪ್‌ಟಾಪಿನಲ್ಲಿ ಬರುತ್ತದೆಯೇ?

ನಿಮ್ಮ ಬಳಿ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪಿನಲ್ಲಿ ಧ್ವನಿ ತಿದ್ದುವ ಒಂದಿಷ್ಟು ಉಚಿತ ಪ್ಲಗಿನ್‌ಗಳಿವೆ. ಸ್ಟೀವ್ ಲೂಕಾಥರ್, ಮೈಕಲ್ ಲ್ಯಾಂಡೌ ಅವರಂಥ ಲಾಸ್ ಏಂಜಲಿಸ್‌ನಲ್ಲಿ ಇತರರ ಧ್ವನಿಮುದ್ರಣಗಳಿಗೆ ನುಡಿಸುತ್ತಿದ್ದ ಸೆಷನ್ ವಾದಕರ ಗಾಜಿನಂತೆ ಹೊಳೆಯುವ, ಒಡಕಿಲ್ಲದ ಕ್ಲೀನ್ ಟೋನ್ ಅನ್ನು ಇಷ್ಟರಲ್ಲಿಯೇ ತರಲು ಸಾಧ್ಯವೇ ಎಂದು ಕೇಳಿದ್ದೀರಿ. ಕೋರಸ್ (ಮೂಲ ಧ್ವನಿಯ ಪಕ್ಕದಲ್ಲಿ ಅದರದ್ದೇ ತುಸು ಅಲುಗಾಡುವ ಪ್ರತಿಯನ್ನು ಸೇರಿಸುವ ಎಫೆಕ್ಟ್) ಹೆಚ್ಚಿಸಿದಷ್ಟೂ ಧ್ವನಿ ಮಿನುಗುವ ಬದಲು ನೀರಿನಲ್ಲಿ ಅದ್ದಿ ತೆಗೆದಂತಾಗುತ್ತದೆ ಎಂದೂ ಬರೆದಿದ್ದೀರಿ. ಸಾಧ್ಯವಿದೆ. ಧಾರವಾಡದ ಮಾಳಮಡ್ಡಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಭಾವಗೀತೆ, ಭಕ್ತಿಗೀತೆಗಳಿಗೆ ಗಿಟಾರ್ ನುಡಿಸಿ ಧ್ವನಿಮುದ್ರಣ ಮಾಡುವುದು ನನ್ನ ಉದ್ಯೋಗ. ಗಣೇಶೋತ್ಸವದ ದಿನಗಳಲ್ಲಿ ರಸಮಂಜರಿ ತಂಡಗಳೊಂದಿಗೆ ವೇದಿಕೆಯನ್ನೂ ಹತ್ತುತ್ತೇನೆ. ಇದೇ ಟೋನಿನ ಬೆನ್ನುಹತ್ತಿ ನಾನೂ ಎರಡು ವರ್ಷ ಕೋರಸ್‌ನ ಗುಂಡಿಗಳನ್ನೇ ತಿರುಗಿಸುತ್ತ ಕುಳಿತಿದ್ದೆ. ತಪ್ಪು ಕೋರಸ್‌ನಲ್ಲಿರಲಿಲ್ಲ; ಅದರ ಹಿಂದೆ ಹೊಳಪಿರುವ ಧ್ವನಿ ಇರಲಿಲ್ಲ, ಅದರ ಪಕ್ಕದಲ್ಲಿ ಯಾವ ಎಫೆಕ್ಟೂ ತಾಗದ ಶುದ್ಧ ಗಿಟಾರ್ ಇರಲಿಲ್ಲ.

ಮೊದಲು ಹೊಳಪಿನ ಮಾತು. ಆ ಕಾಲದ ಸ್ಟುಡಿಯೊಗಳಲ್ಲಿ ಕ್ಲೀನ್ ಗಿಟಾರನ್ನು ಎಷ್ಟೋ ಸಲ ಆಂಪ್ಲಿಫೈಯರಿನ ಮುಂದೆ ಮೈಕ್ ಇಟ್ಟು ಹಿಡಿಯುತ್ತಲೇ ಇರಲಿಲ್ಲ. ಗಿಟಾರಿನ ಸಂಕೇತವನ್ನು ಹೊಂದಿಸಿಕೊಡುವ ಡಿಐ (ಡೈರೆಕ್ಟ್ ಇನ್‌ಪುಟ್) ಪೆಟ್ಟಿಗೆಯ ಮೂಲಕ ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೆ ಕೊಡುತ್ತಿದ್ದರು. 12 ಇಂಚಿನ ಗಿಟಾರ್ ಸ್ಪೀಕರಿನ ಧ್ವನಿ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತದೆ, ಆದರೆ ನಾವು ಹುಡುಕುತ್ತಿರುವ ಮಿನುಗು ಬಹುಪಾಲು ಇರುವುದೇ ಅದರ ಮೇಲೆ. ಹೀಗಿರುವಾಗ ಆಂಪ್ ಪ್ಲಗಿನ್ ತೆರೆದು, ಅದರಲ್ಲಿನ ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಅನುಕರಣೆಯನ್ನು ಹಾಗೆಯೇ ಬಿಟ್ಟು, ಮುಂದೆ ಎಷ್ಟು ಕೋರಸ್ ಹಾಕಿದರೂ ಇಲ್ಲದ ಹೊಳಪು ಹುಟ್ಟುವುದಿಲ್ಲ. ಕ್ಯಾಬಿನೆಟ್ ಅನ್ನು ಆಫ್ ಮಾಡಿ. ಸಾಧ್ಯವಾದರೆ ಆಂಪ್ ಅನ್ನೇ ತೆಗೆದುಬಿಡಿ. ಆಗ ಗಿಟಾರ್ ಬಡಕಲಾಗಿ, ಒಣಒಣವಾಗಿ ಕೇಳುತ್ತದೆ. ಹೆದರಬೇಡಿ, ಆ ಒಣ ಧ್ವನಿಯೇ ನಮ್ಮ ಕಚ್ಚಾ ಮಾಲು.

ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಎಂದು ಬರೆದ ಬಟನ್ ಒತ್ತಿದೆಯೇ ನೋಡಿಕೊಳ್ಳಿ. ತಂತಿಯ ಕಂಪನವನ್ನು ಹಿಡಿಯುವ ಗಿಟಾರಿನ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇಂಪಿಡೆನ್ಸಿನ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಮೇಲಿನ ಕಂಪನಗಳು ಅಲ್ಲಿಯೇ ಮಂಕಾಗುತ್ತವೆ. ಪಿಕಪ್ ಸ್ವಿಚ್ಚನ್ನು ಬ್ರಿಜ್ ಮತ್ತು ನಡುವಿನ ಪಿಕಪ್ ಕೂಡುವ ಸ್ಥಾನದಲ್ಲಿಡಿ. ತಂತಿಗಳು ಹೊಸದಾಗಿರಲಿ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ನನ್ನ ತಂತಿಗಳು ಎರಡು ವಾರಕ್ಕೇ ಸತ್ತುಹೋಗುತ್ತವೆ, ಸತ್ತ ತಂತಿಗೆ ಯಾವ ಪ್ಲಗಿನ್ನೂ ಜೀವ ಕೊಡುವುದಿಲ್ಲ.

ಜೋರಾದ ಧ್ವನಿಯನ್ನು ತಗ್ಗಿಸಿ ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಕೋರಸ್‌ಗಿಂತ ಮುಂಚೆ ಬರಬೇಕು. ಅನುಪಾತ 4:1, ಅಟ್ಯಾಕ್ (ತಗ್ಗಿಸಲು ತೆಗೆದುಕೊಳ್ಳುವ ಸಮಯ) 20ರಿಂದ 30 ಮಿಲಿಸೆಕೆಂಡ್, ರಿಲೀಸ್ (ಮತ್ತೆ ಬಿಡುವ ಸಮಯ) ಸುಮಾರು 150 ಮಿಲಿಸೆಕೆಂಡ್ ಇಟ್ಟು, ಜೋರಾಗಿ ಮೀಟಿದಾಗ ಅದರ ಮೀಟರಿನ ಮುಳ್ಳು 5-6 ಡೆಸಿಬೆಲ್ ಇಳಿಯುವಂತೆ ಮಾಡಿಕೊಳ್ಳಿ. ಅಟ್ಯಾಕ್ ಅನ್ನು ತೀರ ಕಡಿಮೆ ಮಾಡಿದರೆ ಪಿಕ್ ತಂತಿಗೆ ತಗುಲುವ ಆ ಸಣ್ಣ ‘ಟಕ್’ ನುಂಗಿಹೋಗುತ್ತದೆ. ಕಂಪ್ರೆಸರ್ ನಮಗೆ ಬೇಕಾಗಿರುವುದು ಸ್ವರದ ಬಾಲವನ್ನು ಎತ್ತಿಹಿಡಿಯಲು. ಬಾಲ ಬೇಗ ಆರಿಹೋದರೆ ಕೋರಸ್‌ಗೆ ಕೆಲಸ ಮಾಡಲು ಏನೂ ಉಳಿಯುವುದಿಲ್ಲ. ಈಕ್ವಲೈಜರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 300-400 ಹರ್ಟ್ಸ್ ಸುತ್ತ 2 ಡೆಸಿಬೆಲ್ ತಗ್ಗಿಸಿ, 7 ಕಿಲೋಹರ್ಟ್ಸ್ ಮೇಲೆ 3 ಡೆಸಿಬೆಲ್ ಏರಿಸಿದರೆ ಸಾಕು.

ಇನ್ನು ಮಿನುಗಿನ ಒಳಗುಟ್ಟು. ಅದು ನನಗೆ ಹೊಳೆದದ್ದು ಗಿಟಾರಿನಿಂದಲ್ಲ, ಪಕ್ಕದ ಮನೆಯ ತಂಬೂರಿಯಿಂದ. ತಂಬೂರಿಯ ನಡುವಿನ ಜೋಡಿ ತಂತಿಗಳೆರಡೂ ಒಂದೇ ಷಡ್ಜಕ್ಕೆ ನಿಲ್ಲಬೇಕು. ಶ್ರುತಿ ಮಾಡುವಾಗ ಅವೆರಡೂ ಹತ್ತಿರ ಬಂದು ಇನ್ನೂ ಕೂಡಿರದ ಗಳಿಗೆಯಲ್ಲಿ ಧ್ವನಿ ಅಲೆಅಲೆಯಾಗಿ ಏರಿಳಿಯುತ್ತದೆ. ಗಾಯಕರು ತಂತಿಗಳು ಹಾಯುವ ಕುದುರೆಯ ಹಿಂದಿನ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಆ ಅಲೆಯನ್ನು ನಿಲ್ಲಿಸುತ್ತಾರೆ. ಒಳ್ಳೆಯ ಕೋರಸ್ ಎಂದರೆ ಆ ಕೊನೆಯ ಕೂದಲೆಳೆಯನ್ನು ಬೇಕೆಂದೇ ಸರಿಸದೆ ಬಿಡುವುದು. ಲೆಕ್ಕ ಹಾಕಿದರೆ, 440 ಹರ್ಟ್ಸ್‌ನ ಸ್ವರದ ಪಕ್ಕದಲ್ಲಿ ಅದನ್ನೇ 9 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಏರಿಸಿ ಇಟ್ಟಾಗ ಸೆಕೆಂಡಿಗೆ ಸುಮಾರು 2.3 ಅಲೆಗಳು ಏಳುತ್ತವೆ. 110 ಹರ್ಟ್ಸ್‌ನ ಬಿಡಿ ತಂತಿಯಲ್ಲಾದರೆ ಒಂದು ಅಲೆಗೆ ಒಂದೂಮುಕ್ಕಾಲು ಸೆಕೆಂಡ್ ಬೇಕು. ಅಂದರೆ ಮೇಲಿನ ತಂತಿಗಳು ಮಿನುಗುತ್ತವೆ, ಕೆಳಗಿನವು ಮೆಲ್ಲಗೆ ಉಸಿರಾಡುತ್ತವೆ. ಅದನ್ನೇ 25 ಸೆಂಟ್‌ಗೆ ಒಯ್ದರೆ 440 ಹರ್ಟ್ಸ್‌ನಲ್ಲಿ ಅಲೆಗಳು ಸೆಕೆಂಡಿಗೆ ಆರನ್ನು ದಾಟುತ್ತವೆ. ನಿಮಗೆ ಕೇಳಿಸುತ್ತಿರುವ ನೀರು ಬಹುಶಃ ಅದೇ.

ಹಳೆಯ ಯಂತ್ರಗಳನ್ನು ಮಾಡಿದವರಿಗೆ ಈ ಸಂಯಮ ತಿಳಿದಿತ್ತು. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಆಂಪ್ಲಿಫೈಯರಿನಲ್ಲಿ ಒಂದು ಸ್ಪೀಕರ್ ಶುದ್ಧ ಧ್ವನಿಯನ್ನೂ ಇನ್ನೊಂದು ತುಸು ಅಲುಗಾಡುವ ಧ್ವನಿಯನ್ನೂ ಕೊಡುತ್ತದೆ. ಅವೆರಡೂ ಕೂಡುವುದು ಕೋಣೆಯ ಗಾಳಿಯಲ್ಲಿ. ಅದೇ ರೋಲ್ಯಾಂಡ್ ಕಂಪನಿಯ 1979ರ ಡೈಮೆನ್ಶನ್ ಡಿ ಕೋರಸ್ ಯಂತ್ರದಲ್ಲಂತೂ ಪರಿಣಾಮವನ್ನು ಆರಿಸಲು ನಾಲ್ಕು ಬಟನ್‌ಗಳಷ್ಟೇ. ಕೈ ಹಾಕಿ ಕೆಡಿಸಿಕೊಳ್ಳಲು ವೇಗದ ಗುಂಡಿ, ಆಳದ ಗುಂಡಿ ಇಲ್ಲ. ಲೂಕಾಥರ್, ಲ್ಯಾಂಡೌ ಅವರ ಹೆಸರಿನೊಂದಿಗೆ ಸದಾ ಕೇಳಿಬರುವ ಟ್ರೈ ಸ್ಟೀರಿಯೊ ಕೋರಸ್, ಎಲೆಕ್ಟ್ರಿಕ್ ಪಿಯಾನೊಗಳನ್ನು ಮಾರ್ಪಡಿಸುತ್ತಿದ್ದ ಡೈನೊ-ಮೈ-ಪಿಯಾನೊ ಎಂಬ ಕಂಪನಿಯ ಹೆಸರಿನಲ್ಲಿ ಬಂದ ಯಂತ್ರ. ಎಡ, ನಡು, ಬಲ ಎಂದು ಅದರಲ್ಲಿ ಮೂರು ಕೋರಸ್‌ಗಳು.

ಇದನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಲು ಮೂರು ಟ್ರ್ಯಾಕ್‌ಗಳು ಸಾಕು. ಕಂಪ್ರೆಸರ್ ದಾಟಿ ಬಂದ ಗಿಟಾರನ್ನು ನಡುವಿನ ಟ್ರ್ಯಾಕಿನಲ್ಲಿ ಏನನ್ನೂ ಸೇರಿಸದೆ ಮೋನೊ ಆಗಿ ಇಡಿ. ಅದರದ್ದೇ ಪ್ರತಿಯೊಂದನ್ನು ಪೂರ್ತಿ ಎಡಕ್ಕೆ ಕಳಿಸಿ, ಸ್ವರವನ್ನು ಏರಿಳಿಸುವ ಪಿಚ್ ಶಿಫ್ಟರಿನಿಂದ 9 ಸೆಂಟ್ ಏರಿಸಿ 11 ಮಿಲಿಸೆಕೆಂಡ್ ತಡಮಾಡಿ. ಇನ್ನೊಂದನ್ನು ಪೂರ್ತಿ ಬಲಕ್ಕೆ ಕಳಿಸಿ, 9 ಸೆಂಟ್ ಇಳಿಸಿ 17 ಮಿಲಿಸೆಕೆಂಡ್ ತಡಮಾಡಿ. ಈ ಎರಡು ಪಕ್ಕಗಳ ಮೇಲೆ ಮಾತ್ರ ಒಂದೊಂದು ಕೋರಸ್ ಹಾಕಿ, ಒಂದರ ವೇಗ 0.3 ಹರ್ಟ್ಸ್, ಇನ್ನೊಂದರದು 0.43 ಹರ್ಟ್ಸ್ ಇರಲಿ, ಆಳ ತೀರ ಕಡಿಮೆ ಇರಲಿ. ಎರಡಕ್ಕೂ ಒಂದೇ ವೇಗ ಕೊಟ್ಟರೆ ಎಡಬಲಗಳು ಕೈಹಿಡಿದುಕೊಂಡು ತೂಗಾಡಿದಂತೆ ಕೇಳುತ್ತದೆ. ಪಕ್ಕಗಳಲ್ಲಿ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಅವುಗಳ ಮಟ್ಟವನ್ನು ನಡುವಿನದಕ್ಕಿಂತ 5-6 ಡೆಸಿಬೆಲ್ ಕೆಳಗಿಡಿ. ಉಚಿತ ಪಿಚ್ ಶಿಫ್ಟರ್ ಧ್ವನಿಯನ್ನು ತರಿತರಿಯಾಗಿಸಿದರೆ ಅದನ್ನು ಬಿಟ್ಟು ತಡ ಮತ್ತು ಕೋರಸ್ ಎರಡರಲ್ಲೇ ನಡೆಸಿ, ಹೆಚ್ಚಿನ ನಷ್ಟವಿಲ್ಲ.

ಮಟ್ಟವನ್ನು ಕೆಳಗಿಡಿ ಎಂದು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಗಣೇಶೋತ್ಸವದ ರಸಮಂಜರಿಯಲ್ಲಿ ಸ್ಟೀರಿಯೊ ಕೋರಸ್ ಪೆಡಲ್ ಇಟ್ಟು ನುಡಿಸಿದ್ದೆ. ನನ್ನ ಹೆಡ್‌ಫೋನಿನಲ್ಲಿ ಟೋನ್ ಅರಮನೆಯಷ್ಟು ಅಗಲವಾಗಿ ಕೇಳಿಸುತ್ತಿತ್ತು. ಮರುದಿನ ಗೆಳೆಯನ ಮೊಬೈಲಿನ ವಿಡಿಯೊ ನೋಡಿದರೆ ಅದರಲ್ಲಿ ಕೋರಸ್ಸೇ ಇರಲಿಲ್ಲ, ಬರೀ ಒಣ ಗಿಟಾರ್. ಮೈದಾನದ ಎರಡೂ ಬದಿಯ ಜನರಿಗೆ ಒಂದೇ ಧ್ವನಿ ತಲುಪಬೇಕಾದ್ದರಿಂದ ಸೌಂಡ್‌ನವರು ಎಡಬಲಗಳನ್ನು ಕೂಡಿಸಿ ಮೋನೊ ಮಾಡಿದ್ದರು, ಅದು ಸರಿಯಾದದ್ದೇ. ಆ ಪೆಡಲ್ ಎಡಕ್ಕೆ ಶುದ್ಧ ಧ್ವನಿಯ ಜೊತೆ ಕೋರಸ್ ಅನ್ನು ಕೂಡಿಸಿ, ಬಲಕ್ಕೆ ಅದೇ ಕೋರಸ್ ಅನ್ನು ತಲೆಕೆಳಗು ಮಾಡಿ ಕಳಿಸುತ್ತಿತ್ತು. ಎರಡೂ ಕೂಡಿದಾಗ ಕೋರಸ್ ತನ್ನನ್ನು ತಾನೇ ಅಳಿಸಿಕೊಂಡಿತ್ತು. ಇನ್ನೊಂದು ತೊಂದರೆಯೂ ಉಂಟು. 10 ಮಿಲಿಸೆಕೆಂಡ್ ತಡವಾದ ಧ್ವನಿಯನ್ನು ಮೂಲಕ್ಕೆ ಸಮಮಟ್ಟದಲ್ಲಿ ಕೂಡಿಸಿದರೆ 50, 150, 250 ಹರ್ಟ್ಸ್ ಹೀಗೆ ಬಾಚಣಿಗೆಯ ಹಲ್ಲುಗಳಂತೆ ಹಳ್ಳಗಳು ಬೀಳುತ್ತವೆ. ಪಕ್ಕದ ಮಟ್ಟ ಕಡಿಮೆ ಇದ್ದಷ್ಟೂ ಹಳ್ಳದ ಆಳ ಕಡಿಮೆ. ಆದ್ದರಿಂದ ಕಟ್ಟುವಾಗಲೇ ಮಾಸ್ಟರಿನಲ್ಲಿ ಮೋನೊ ಬಟನ್ ಒತ್ತಿ ಒತ್ತಿ ಕೇಳಿ. ಈಗ ನಾನು ವೇದಿಕೆಯ ಮೇಲೆ ಎಡದ ಒಂದೇ ಕೇಬಲ್ ಕೊಟ್ಟು ಸುಮ್ಮನಾಗುತ್ತೇನೆ, ಅಗಲವೆಲ್ಲ ಧ್ವನಿಮುದ್ರಣಕ್ಕೆ.

ಕೋಣೆಯ ಅನುರಣನ ಸೇರಿಸುವ ರಿವರ್ಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಲ್ ಮಾದರಿ, 2 ಸೆಕೆಂಡಿನ ಬಾಲ, 40 ಮಿಲಿಸೆಕೆಂಡಿನ ಪ್ರಿ-ಡಿಲೇ (ಅನುರಣನ ಶುರುವಾಗುವ ಮುಂಚಿನ ತಡ) ಇಟ್ಟು, ಪಕ್ಕದ ಟ್ರ್ಯಾಕ್‌ಗಳಿಂದಲೇ ಹೆಚ್ಚು ಕಳಿಸಿ. ನಡುವಿನ ಗಿಟಾರ್ ಮುಂದೆಯೇ ನಿಲ್ಲಲಿ.

ನುಡಿಸುವ ಕ್ರಮವೂ ಟೋನಿನ ಭಾಗವೇ. ಆ ವಾದಕರು ಕ್ಲೀನ್ ಭಾಗಗಳಲ್ಲಿ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸುವುದು ಅಪರೂಪ. ಕೆಳಗಿನ ಜಾಗವನ್ನು ಬೇಸ್‌ಗೂ ಕೀಬೋರ್ಡಿಗೂ ಬಿಟ್ಟು, ಮೇಲಿನ ಮೂರು ನಾಲ್ಕು ತಂತಿಗಳಲ್ಲಿ ಆಡ್-9ರಂಥ (ಮೂರು ಸ್ವರಗಳ ಕಾರ್ಡಿಗೆ ಒಂಬತ್ತನೇ ಸ್ವರವನ್ನು ಸೇರಿಸಿದ) ಕಾರ್ಡ್‌ಗಳನ್ನು ಬಿಡಿಸಿ ಬಿಡಿಸಿ ಮೀಟುತ್ತಿದ್ದರು. ಅಕ್ಕಪಕ್ಕದ ಎರಡು ಸ್ವರಗಳು ಒಟ್ಟಿಗೆ ನುಡಿಯುವಂತೆ ಬೆರಳಿಟ್ಟರೆ ಅರ್ಧ ಮಿನುಗು ಎಫೆಕ್ಟಿಗಿಂತ ಮುಂಚೆಯೇ ಬಂದಿರುತ್ತದೆ.

ಎಲ್ಲ ಮುಗಿದ ಮೇಲೆ ಅದೇ ದಿನ ತೀರ್ಮಾನಿಸಬೇಡಿ. ನಾನು ಮಿಕ್ಸ್ ಅನ್ನು ಮೊಬೈಲಿಗೆ ಹಾಕಿಕೊಂಡು ಮರುದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಅಗ್ಗದ ಇಯರ್‌ಫೋನಿನಲ್ಲಿ ಕೇಳುತ್ತೇನೆ. ‘ಕೋರಸ್ ಚೆನ್ನಾಗಿದೆ’ ಎಂದು ಅನ್ನಿಸಿತೋ, ಸಂಜೆ ಬಂದು ಪಕ್ಕದ ಟ್ರ್ಯಾಕ್‌ಗಳನ್ನು ಇನ್ನೂ 2 ಡೆಸಿಬೆಲ್ ಇಳಿಸುತ್ತೇನೆ. ಇಷ್ಟೆಲ್ಲ ಮಾಡಿದ ಮೇಲೂ ನೀರಿನ ಧ್ವನಿಯೇ ಬರುತ್ತಿದ್ದರೆ, ಯಾವ ಪ್ಲಗಿನ್ ಯಾವುದರ ನಂತರ ಇದೆ ಎಂಬುದನ್ನೂ ಇನ್‌ಪುಟ್ ಬಟನ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನೂ ಇಲ್ಲಿಯೇ ಬರೆಯಿರಿ, ನೋಡೋಣ.