ಓದುಗರ ಪ್ರಶ್ನೆ: ಪದ್ಯ ಬಾಯಿಗೆ ಬರುತ್ತದೆ, ಬರವಣಿಗೆ ಬರುವುದಿಲ್ಲ

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳು ಪದ್ಯಗಳನ್ನು ರಾಗವಾಗಿ ಹಾಡುತ್ತಾರೆ, ಕಂಠಪಾಠವನ್ನೂ ಒಪ್ಪಿಸುತ್ತಾರೆ. ಆದರೆ ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಎಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ, ಇಲ್ಲವೇ ಗೈಡಿನಲ್ಲಿರುವ ಸಾರಾಂಶವನ್ನು ಇಳಿಸಿಬಿಡುತ್ತಾರೆ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಪದ್ಯ ಮುಗಿದೊಡನೆ ‘ಕವಿಯ ಆಶಯವೇನು?’ ಎಂದು ಕೇಳುವ ನಮ್ಮ ರೂಢಿಯಲ್ಲೇ ಈ ತೊಡಕು ಇದೆ. ಆ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿದ್ಧವಾಗಿರುವಾಗ ಮಗು ಅದನ್ನು ನಕಲು ಮಾಡಿದರೆ ತಪ್ಪು ಮಗುವಿನದಲ್ಲ. ಆಶಯವನ್ನು ಬದಿಗಿಟ್ಟು ಪದ್ಯದ ಕಟ್ಟನ್ನು ಮಕ್ಕಳ ಕೈಗೆ ಕೊಡಿ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಅವರಿಗೆ ಬಾಯಿಗೆ ಬಂದೇ ಇರುತ್ತದೆ. ಅದರಲ್ಲಿ ಒಬ್ಬರು ಕೇಳುತ್ತಾರೆ, ಮರಿ ಉತ್ತರಿಸುತ್ತದೆ. ಮರಿಯ ಜಾಗದಲ್ಲಿ ಮಕ್ಕಳು ದಿನವೂ ಕಾಣುವ ಪ್ರಾಣಿಯೊಂದನ್ನು ನಿಲ್ಲಿಸಿ, ಬರೆಯಿಸುವ ಮೊದಲು ಒಂದಿಡೀ ಪೀರಿಯಡ್ ಅದರ ಬಗ್ಗೆ ಮಾತನಾಡಿಸಿ, ಅವರು ಹೇಳಿದ ಮಾತುಗಳನ್ನು ಹೇಳಿದಂತೆಯೇ ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋಗಿ. ಹೀಗೆ ಮಾಡಿದಾಗ ನನ್ನ ತರಗತಿಯ ಹುಡುಗನೊಬ್ಬ ಬರೆದದ್ದು ಇದು:

ಎಮ್ಮೆ ಎಮ್ಮೆ, ಕೆರೆಗೆ ಯಾಕೆ ಹೋಗ್ತೀ?
ಮೂಗು ಮಾತ್ರ ಮೇಲೆ ಇಟ್ಟು ಮಲಗೋಕೆ.

ಇದರಲ್ಲಿ ಪ್ರಾಸವಿಲ್ಲ, ಆದರೆ ಎಮ್ಮೆ ಇದೆ. ಪ್ರಾಸವನ್ನು ಮೊದಲೇ ಕೇಳಬೇಡಿ ಎನ್ನಲು ಕಾರಣವೂ ಇದೇ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬಂದಿತು, ತಿಂದಿತು, ನಿಂದಿತು’ ಎಂಬ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಅದು ಸಿಕ್ಕಿದ ಕೂಡಲೇ ಮಗು ನೋಡುವುದನ್ನು ನಿಲ್ಲಿಸುತ್ತದೆ. ದಿನಕರ ದೇಸಾಯಿಯವರ ಚುಟುಕಗಳಂತಹ ಪ್ರಾಸಬದ್ಧ ನಾಲ್ಕು ಸಾಲು ಐದನೆಯ ತರಗತಿಯ ಕೊನೆಗೆ ಬಂದರೆ ಸಾಕು.

ಮುಂದಿನ ವಾರ ಪಂಜೆ ಮಂಗೇಶರಾಯರ (1874–1937) ನಾಗರಹಾವಿನ ಪದ್ಯವನ್ನು ತೆಗೆದುಕೊಳ್ಳಬಹುದು. ಕೈಮುಗಿದು, ಹಾಲು ಕೊಡುತ್ತೇನೆಂದು ಹೇಳಿ ಹಾವನ್ನು ಬಾ ಎಂದು ಕರೆದು, ಕೊನೆಗೆ ಹೊರಗೆ ಹೋಗೆಂದು ಬೇಡುವ ಆ ಧಾಟಿಯಲ್ಲಿ ಮಕ್ಕಳು ಬಿಡದ ಮಳೆಯನ್ನೋ ಪಂಕ್ಚರ್ ಆದ ಸೈಕಲ್ಲನ್ನೋ ಮಾತನಾಡಿಸಲಿ. ನೀವೂ ಅವರ ಜೊತೆಯಲ್ಲೇ ಕುಳಿತು ಬರೆಯಿರಿ. ಟೀಚರ್ ಹೊಡೆದುಹಾಕಿದ ಸಾಲುಗಳನ್ನು ಕಂಡರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಪ್ರಶ್ನೆ: ಮಕ್ಕಳು ಆಡುಮಾತಿನಲ್ಲಿ, ಕಾಗುಣಿತ ತಪ್ಪಿ ಬರೆದರೆ ತಿದ್ದಬೇಕೇ?
– ಒಬ್ಬ ತಂದೆ, ಮಂಡ್ಯ

ಉತ್ತರ: ಇವೆರಡೂ ಬೇರೆ ಬೇರೆ ವಿಷಯಗಳು. ಮೇಲಿನ ಪದ್ಯದ ‘ಮಲಗೋಕೆ’ಯನ್ನು ‘ಮಲಗಲು’ ಎಂದು ತಿದ್ದಿ ಗಟ್ಟಿಯಾಗಿ ಓದಿ ನೋಡಿ, ಸಾಲು ಕುಂಟುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಬಿಡಿ. ಕಾಗುಣಿತವನ್ನಾದರೋ ಮೊದಲ ಕರಡಿನಲ್ಲಿ ಮುಟ್ಟದೆ, ಗೋಡೆಪತ್ರಿಕೆಗೋ ಮನೆಯವರಿಗೆ ತೋರಿಸುವುದಕ್ಕೋ ಶುದ್ಧಪ್ರತಿ ಮಾಡುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತಿದ್ದಿಸಿ. ‘ಅಕ್ಕಿ ಗೂಡು ಕಟ್ಟಿತು’ ಎಂದು ಬರೆದ ಮಗುವಿಗೆ ಅಡುಗೆಮನೆಯ ಡಬ್ಬಿಯನ್ನು ತೋರಿಸಿ, ‘ಇದು ಹೇಗೆ ಗೂಡು ಕಟ್ಟಿತು?’ ಎಂದು ಕೇಳಿದರೆ ಅದು ತಾನೇ ನಕ್ಕು ಹಕಾರ ಸೇರಿಸುತ್ತದೆ.