ಬಾಜು ಹೊಲದ ಹುಣಸೆಮರ ನಮ್ಮ ಕೊಟ್ಟಿಗೆ ಕಡೆ ವಾಲಿದೆ, ಕಡಿಸಬಹುದಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕು. ನಾಲ್ಕು ಎಕರೆ ಒಣಬೇಸಾಯ. ಬಾಜು ಹೊಲ ನನ್ನ ಗಂಡನ ದೊಡ್ಡಪ್ಪನ ಮಗನದು. ಅವರ ಕಡೆ ಬದುವಿನ ಹತ್ತಿರ ಹಳೆಯ ಹುಣಸೆಮರ ಇದೆ. ಬುಡ ಪೊಳ್ಳಾಗಿ ನಮ್ಮ ದನದ ಕೊಟ್ಟಿಗೆ ಕಡೆ ವಾಲಿದೆ. ಹೋದ ವರ್ಷ ಮೇ ತಿಂಗಳ ಗಾಳಿಗೆ ಒಂದು ಕೊಂಬೆ ಬಿದ್ದು ಕೊಟ್ಟಿಗೆಯ ತಗಡು ಹೋಯಿತು. ಮರದ ಕೆಳಗಿನ ಬಂಡಿದಾರಿಯಲ್ಲೇ ಮಕ್ಕಳು ಶಾಲೆಗೆ ಹೋಗುತ್ತಾರೆ. ಭಾವನವರು ‘ಹಣ್ಣು ಗುತ್ತಿಗೆಗೆ ಕೊಟ್ಟೀನಿ, ಕಡಿಯಂಗಿಲ್ಲ’ ಅಂತಾರೆ. ನನ್ನ ಗಂಡ ಇಲ್ಲ. ನಾನೇ ಆಳು ಕರೆಸಿ ಕಡಿಸಬಹುದಾ?
– ಒಬ್ಬ ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಬೇಡ ಅಕ್ಕಾ. ಆ ಮರಕ್ಕೆ ನೀವು ಕೊಡಲಿ ಹಾಕಿಸಿದ ದಿನ ತಪ್ಪು ನಿಮ್ಮದಾಗುತ್ತದೆ. ಬುಡಕ್ಕೆ ತೂತು ಕೊರೆದು ಇಂಗು ತುಂಬಿ ಅಂತ ಯಾರಾದರೂ ಹೇಳಿಯಾರು, ಅದೂ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಅಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆ ಸವರುವುದು, ತೊಗಟೆ ಸುಲಿಯುವುದು, ಔಷಧ ಹಾಕಿ ಒಣಗಿಸುವುದು, ಎಲ್ಲವೂ ಸೇರಿದೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಳ್ಳಾರಿ ಜಾಲಿ, ನೀಲಗಿರಿ, ತೆಂಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನಿಮ್ಮ ಹೊಲದ ಮೇಲೆ ಚಾಚಿದ ಕೊಂಬೆಯನ್ನು ನಿಮ್ಮ ಕಡೆಯಿಂದಲೇ ತೆಗೆಸುವ ಹಕ್ಕು ನಿಮಗಿದೆ. ಆದರೂ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಕಡಿದ ಕಟ್ಟಿಗೆ ಮರದ ಒಡೆಯನಿಗೇ ಸೇರುತ್ತದೆ, ಒಲೆಗೆ ಹಾಕಬೇಡಿ.

ಭಾವನವರು ‘ಫಾರೆಸ್ಟ್‌ನವರು ಬಿಡಲ್ಲ’ ಅಂತಲೂ ಹೇಳಬಹುದು. ಜೀವಕ್ಕೋ ಆಸ್ತಿಗೋ ಅಪಾಯ ಇರುವ ಮರವಾದರೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆಯ 8ನೇ ಕಲಂನಲ್ಲಿದೆ.

ಈಗ ನನ್ನ ಮನೆಯ ಒಂದು ಮಾತು. ನಮ್ಮಪ್ಪನ ಹೊಲ ಸಿಂಧನೂರು ಕಡೆ. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಹೊಲದ ಬೇವಿನಮರ ಬಿದ್ದು ನಮ್ಮ ಒಂದು ಎತ್ತು ಸತ್ತಿತು. ಅದಕ್ಕೆ ಮುಂಚೆ ಎರಡು ವರ್ಷ ಅಪ್ಪ ಅವರಿಗೆ ಹೇಳುತ್ತಲೇ ಇದ್ದರು. ಬದುವಿನ ಮೇಲೆ, ಸಂತೆಯಲ್ಲಿ, ಮದುವೆ ಮನೆಯಲ್ಲಿ. ಒಂದು ಚೀಟಿ ಮಾತ್ರ ಬರೆದಿರಲಿಲ್ಲ. ಪಂಚರ ಮುಂದೆ ಆ ಮನೆಯವರು ‘ನಮಗೆ ಯಾರೂ ಹೇಳೇ ಇಲ್ಲ’ ಅಂದುಬಿಟ್ಟರು. ಅಪ್ಪ ಮಾತಾಡದೆ ಎದ್ದು ಬಂದರು. ಆ ವರ್ಷ ಬಿತ್ತನೆಗೆ ಎತ್ತು ಬಾಡಿಗೆ ತಂದೆವು. ಹಾಗಾಗಿ ಮೊದಲು ಬರೆದು ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಭಾವನವರಿಗೆ ಒಂದು ಪತ್ರ ಬರೆಯಿರಿ. ಸಿಟ್ಟು ಬೇಡ, ಸಂಬಂಧ ಇಟ್ಟುಕೊಂಡೇ ಬರೆಯಿರಿ. ಬುಡ ಪೊಳ್ಳಾಗಿರುವುದು, ಕೊಂಬೆ ಬಿದ್ದ ದಿನ, ತಗಡಿನ ಖರ್ಚು, ಮಕ್ಕಳ ದಾರಿ, ಎಲ್ಲವೂ ಇರಲಿ. ಫೋಟೊ ಇಡಿ. ಅಂಚೆಯಲ್ಲಿ ಕಳಿಸಿ, ತಲುಪಿದ್ದಕ್ಕೆ ರಸೀದಿ ತಗೊಳ್ಳಿ. ಅಪಾಯ ಗೊತ್ತಿದ್ದೂ ಸುಮ್ನೆ ಕೂತಿದ್ದರು ಅಂತ ತೋರಿಸಲು ಇದೇ ಆಧಾರ. ನಾಳೆ ಮರ ಬಿದ್ದರೆ ಪರಿಹಾರ ಕೇಳಲು ದಾರಿ ಇರುತ್ತದೆ.

ಮರ ನಿಜವಾಗಿ ಯಾರ ಹದ್ದಿನಲ್ಲಿದೆ ಅಂತಲೂ ನೋಡಿ. ಪಹಣಿಯಲ್ಲಿ ಮರಗಳಿಗೂ ಒಂದು ಕಲಂ ಇದೆ. ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಹಾಕಿ. ಗಡಿಯ ಮೇಲೇ ನಿಂತ ಮರವಾದರೆ ಇಬ್ಬರದೂ ಆಗಬಹುದು, ಆಗ ಮಾತಿನ ದಾರಿಯೇ ಬೇರೆ.

ಪತ್ರಕ್ಕೂ ಬಗ್ಗದಿದ್ದರೆ ಕೊಪ್ಪಳದ ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಗೆ ಹೋಗಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಅರ್ಜಿ ಕೊಡಿ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ 133 ಆಗಿತ್ತು, 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಬಿದ್ದು ಅಕ್ಕಪಕ್ಕದವರಿಗೋ ದಾರಿಹೋಕರಿಗೋ ಪೆಟ್ಟಾಗುವಂತಿರುವ ಮರವನ್ನು ತೆಗೆಯಿರಿ, ಇಲ್ಲವೇ ಆಸರೆ ಕೊಡಿ ಅಂತ ಒಡೆಯನಿಗೆ ಗಡುವು ಹಾಕುವ ಅಧಿಕಾರ ಅವರಿಗಿದೆ. ಭಾವನವರಿಗೆ ತಮ್ಮ ಮಾತು ಹೇಳಲು ಅವಕಾಶ ಸಿಗುತ್ತದೆ. ಆದೇಶ ಕಾಯಂ ಆದ ಮೇಲೂ ಮಾಡದಿದ್ದರೆ ಅಧಿಕಾರಿಯೇ ಕೆಲಸ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ನಿಮ್ಮ ಅರ್ಜಿಗೆ ಜೀವ ಕೊಡುವುದು ಆ ಬಂಡಿದಾರಿ. ಬರೀ ಕೊಟ್ಟಿಗೆ ಅಂದರೆ ‘ಇದು ನಿಮ್ಮಿಬ್ಬರ ಜಗಳ, ಸಿವಿಲ್ ಕೋರ್ಟಿಗೆ ಹೋಗಿ’ ಅನ್ನಬಹುದು. ಮಕ್ಕಳ ವಿಷಯ ಮೊದಲ ಸಾಲಿನಲ್ಲೇ ಬರೆಯಿರಿ. ಅದೇ ದಾರಿಯಲ್ಲಿ ಓಡಾಡುವ ನಾಲ್ಕು ಜನರ ಸಹಿ ಹಾಕಿಸಿ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕುಷ್ಟಗಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಭಾವನವರನ್ನು ಅಲ್ಲಿಗೇ ಕರೆಸಿ ರಾಜಿ ಮಾಡಿಸಲೂ ಆಗುತ್ತದೆ. ಹಣ್ಣು ಇಳಿಸಿದ ಮೇಲೆ ಕಡಿಯಲಿ, ಕಟ್ಟಿಗೆ ದುಡ್ಡು ಅವರದೇ. ಅಷ್ಟಕ್ಕೆ ಒಪ್ಪಿಯಾರು, ಒಂದೇ ಮನೆತನ ಅಲ್ವಾ?

ಕೊಂಬೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ಜೆಸ್ಕಾಂನ 1912ಕ್ಕೆ ಇವತ್ತೇ ಫೋನ್ ಮಾಡಿ. ಈ ಕೆಲಸಗಳೆಲ್ಲ ಮುಗಿಯಲು ವಾರಗಳು ಬೇಕು, ಗಾಳಿ ಕಾಯುವುದಿಲ್ಲ. ಅಲ್ಲಿಯವರೆಗೆ ದನಗಳನ್ನು ಮರ ವಾಲಿದ ಕಡೆ ಕಟ್ಟಬೇಡಿ. ಮಕ್ಕಳನ್ನು ಬೇರೆ ಬದುವಿನ ಮೇಲೆ ಕಳಿಸಿ.