ಫಾಲ್, ಫೆಲ್, ಡೌನ್: ಬೀಳುವ ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು?

ನಿಮ್ಮ ಪ್ರಶ್ನೆ ಇದು: ಫಾಲ್ ಅನ್ನುವುದರ ಭೂತಕಾಲ ಫೆಲ್. ಹಾಗಿದ್ದ ಮೇಲೆ ಮರ ಕಡಿದು ಉರುಳಿಸುವುದಕ್ಕೂ ಫೆಲ್ ಅಂತ ಯಾಕೆ ಹೇಳುತ್ತಾರೆ? ಅದರ ಭೂತಕಾಲ ಫೆಲ್ಡ್ ಯಾಕೆ? ಲೋವರ್, ಡೌನ್, ಡಿಸೆಂಡ್ ಎಲ್ಲ ಒಂದೇ ಮೂಲದವಾ?

ಒಂದೇ ಮೂಲದವಲ್ಲ. ಮೊದಲು ಫೆಲ್ ನೋಡೋಣ, ಇದು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಬೀಳು ಅನ್ನುವುದಕ್ಕೆ ನಾವು 'ಇಸು' ಸೇರಿಸಿ ಬೀಳಿಸು ಅಂತೀವಿ, ಅಲ್ವಾ? ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಅಂಥದ್ದೇ ಒಂದು ಪ್ರತ್ಯಯ ಇತ್ತು. ಅದರಲ್ಲಿದ್ದ 'ಇ' ಥರದ ಧ್ವನಿ ಹಿಂದಿನ 'ಅ'ವನ್ನು ಎಳೆದು 'ಎ' ಮಾಡಿತು. ಆಮೇಲೆ ಪ್ರತ್ಯಯ ಸವೆದೇ ಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ಹಾಗಾಗಿ ಮರ ಬೀಳಿಸುವ ಫೆಲ್ ಬೇರೆಯೇ ಕ್ರಿಯಾಪದ, ಅದಕ್ಕೆ ತನ್ನದೇ ಭೂತಕಾಲ ಫೆಲ್ಡ್. ಫಾಲ್‌ನ ಭೂತಕಾಲವೂ ಫೆಲ್ ಆಗಿರುವುದು ಬರೀ ಕಾಕತಾಳೀಯ.

ಕೂರು ಅನ್ನುವ ಸಿಟ್, ಕೂರಿಸು ಅನ್ನುವ ಸೆಟ್ ಇದೇ ಥರದ ಜೋಡಿ. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಮತ್ತೆ ಲೈ ಪದದ ಭೂತಕಾಲವೂ ಲೇ! ಫೆಲ್‌ನಲ್ಲಿ ನಿಮಗಾದ ಗೊಂದಲವೇ ಇಲ್ಲೂ ಆಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಜೋಡಿ ಡ್ರಿಂಕ್ ಮತ್ತು ಡ್ರೆಂಚ್. ಡ್ರೆಂಚ್ ಅಂದರೆ ಮೊದಲು ಕುಡಿಸು ಅಂತಲೇ ಅರ್ಥ, ತೋಯಿಸು ಅನ್ನುವುದು ಆಮೇಲೆ ಬಂದದ್ದು. ನಮ್ಮಲ್ಲಿ ಗೊಟ್ಟದಲ್ಲಿ ದನಕ್ಕೆ ಔಷಧಿ ಕುಡಿಸ್ತಾರಲ್ಲ, ಆ ಕೆಲಸಕ್ಕೆ ಪಶುವೈದ್ಯರ ಇಂಗ್ಲಿಷಿನಲ್ಲಿ ಇವತ್ತಿಗೂ ಡ್ರೆಂಚ್ ಅಂತಲೇ ಹೇಳುವುದು.

ಇನ್ನು ಡೌನ್. ಇದರ ಮೂಲ ಅರ್ಥ ಗುಡ್ಡ! ಹಳೆಯ ಇಂಗ್ಲಿಷಿನಲ್ಲಿ ಗುಡ್ಡಕ್ಕೆ 'ದೂನ್' ಅಂತಿದ್ದರು. 'ಆಫ್ ದೂನೆ' ಅಂದರೆ ಗುಡ್ಡದಿಂದ ಆಚೆಗೆ, ಅಂದರೆ ಕೆಳಗೆ. ಬಾಯಲ್ಲಿ ಆಡಿ ಆಡಿ ಅದು 'ಅದೂನ್' ಆಯಿತು, ಕೊನೆಗೆ ಮುಂದಿನ 'ಅ' ಕೂಡ ಉದುರಿತು. ಉಳಿದದ್ದು ಗುಡ್ಡ ಅನ್ನುವ ಪದ, ಅದರ ಅರ್ಥ ಕೆಳಗೆ! ದಕ್ಷಿಣ ಇಂಗ್ಲೆಂಡಿನ ಮ್ಯಾಪ್ ತೆಗೆದು ನೋಡಿ, ಸೌತ್ ಡೌನ್ಸ್ ಅಂತ ಸುಣ್ಣಕಲ್ಲಿನ ಗುಡ್ಡಸಾಲು ಕಾಣುತ್ತದೆ. ಅದರ ಅತಿ ಎತ್ತರದ ಗುಡ್ಡ ಬಟ್ಸರ್ ಹಿಲ್, ಸುಮಾರು 270 ಮೀಟರ್. ಅಲ್ಲಿನವರು ಡೌನ್ಸ್ ಹತ್ತಿದೆವು ಅಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಲೋವರ್ ಸುಲಭ. ಲೋ ಅನ್ನುವುದು ಸ್ಕ್ಯಾಂಡಿನೇವಿಯದಿಂದ ಬಂದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದದ್ದು. ಲೋವರ್ ಅಂದರೆ ಇನ್ನೂ ತಗ್ಗಿನದು. ಅದನ್ನೇ ಕ್ರಿಯಾಪದವಾಗಿ ಬಳಸಿ ತಗ್ಗಿಸು ಅನ್ನುವ ಅರ್ಥಕ್ಕೆ ತಂದರು. ಡಿಸೆಂಡ್ ಲ್ಯಾಟಿನ್ ಮೂಲದ್ದು, ಮೇಲಕ್ಕೆ ಹತ್ತು ಅನ್ನುವ ಅರ್ಥದ ಪದಕ್ಕೆ 'ಡಿ' ಸೇರಿ ಇಳಿ ಅನ್ನುವ ಅರ್ಥ ಬಂತು. ಅಮೆರಿಕದವರು ಎಲೆ ಉದುರುವ ಕಾಲಕ್ಕೆ ಫಾಲ್ ಅಂತಾರಲ್ಲ, ಅದು ಹೋದದ್ದು ಇಂಗ್ಲೆಂಡಿನಿಂದಲೇ.

ನೀವು ಕೇಳದೇ ಇದ್ದರೂ ಒಂದು ಪದ ಹೇಳಲೇಬೇಕು. ಲ್ಯಾಟಿನ್ನಿನಲ್ಲಿ ಬೀಳು ಅನ್ನುವುದಕ್ಕೆ 'ಕದೆರೆ'. ಮೇಲೆ ಬಂದು ಬಿದ್ದದ್ದು ಆ್ಯಕ್ಸಿಡೆಂಟ್. ದಾಳ ಹೇಗೆ ಬಿತ್ತೋ ಅದು ಚಾನ್ಸ್, ಇದು ಫ್ರೆಂಚ್ ದಾಟಿ ಬಂದಿದೆ. ಬಿದ್ದ ದೇಹ ಕ್ಯಾಡವರ್, ಅಂದರೆ ಹೆಣ. ಪ್ಯಾರಾಶೂಟ್‌ನ ಶೂಟ್ ಕೂಡ ಇದೇ ಬೀಳುವಿಕೆ. ಅದರಿಂದ ಕಾಪಾಡುವುದು ಅಂತ ಆ ಹೆಸರು. ಕೋರ್ಟಿನ ಕೇಸ್ ಮೂಲದಲ್ಲಿ 'ಕಾಸುಸ್', ಅಂದರೆ ಬೀಳುವುದು, ಒದಗಿ ಬಂದದ್ದು. ನಾವು 'ಅವನ ಮೇಲೆ ಕೇಸು ಬಿತ್ತು' ಅಂತೀವಿ, ನೋಡಿ! ಗ್ರೀಕರು ವಿಭಕ್ತಿಗೂ ಬೀಳುವಿಕೆ ಅನ್ನುವ ಪದವನ್ನೇ ಇಟ್ಟಿದ್ದರು. ಲ್ಯಾಟಿನ್ನಿನವರು ಅದನ್ನು ತಮ್ಮ ಮಾತಿಗೆ ತಂದುಕೊಂಡು 'ಕಾಸುಸ್' ಅಂದರು. ಇಂಗ್ಲಿಷ್ ವ್ಯಾಕರಣದಲ್ಲಿ ವಿಭಕ್ತಿಗೆ ಕೇಸ್ ಅನ್ನುವುದು ಅದಕ್ಕೇ.

ಇದೇ ಕದೆರೆಯಿಂದ ಪಶ್ಚಿಮ ದಿಕ್ಕಿಗೆ ಆಕ್ಸಿಡೆಂಟ್ ಅನ್ನುವ ಹೆಸರೂ ಬಂದಿದೆ, ಇದು 'ಓ' ಅಕ್ಷರದಿಂದ ಶುರುವಾಗುವ ಬೇರೆ ಪದ. ಸೂರ್ಯ ಕೆಳಗೆ ಬೀಳುವ ಕಡೆ ಅಂತ ಅರ್ಥ. ಅವನು ಏಳುವ ಕಡೆ ಓರಿಯೆಂಟ್. ಕನ್ನಡದಲ್ಲೂ ಲೆಕ್ಕ ಇದೇ: ಸೂರ್ಯ ಮೂಡುವ ಕಡೆ ಮೂಡಣ, ಮುಳುಗುವ ಕಡೆ ಪಡುವಣ. ಹಳೆಯ ಮಾತಿನಲ್ಲಿ 'ಪಡು' ಅಂದರೆ ಮುಳುಗು, ಮಲಗು ಅಂತಲೇ. ಕರಾವಳಿಯ ಮೂಡಬಿದಿರೆ, ಪಡುಬಿದ್ರಿ ಹೆಸರುಗಳಲ್ಲಿ ಇರುವುದೂ ಇದೇ ಮೂಡು, ಪಡು.